ಸೀಟಿನಡಿಯ ದನಿ

ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ಠಾಣೆಗೆ ಬಂದ ಹೆಂಗಸು ಕುರ್ಚಿ ತೋರಿಸಿದರೂ ಕೂರಲಿಲ್ಲ. ಅವಳ ಅಣ್ಣ ಗೋದಾಮೊಂದರಲ್ಲಿ ಲೋಡರ್. ಹಿಂದಿನ ದಿನ ಮಧ್ಯಾಹ್ನ, ಸರಕೆತ್ತುವ ಫೋರ್ಕ್‌ಲಿಫ್ಟ್ ಗಾಡಿ ಹಿಂದಕ್ಕೆ ಬಂದು ಅವನ ಬಲಗಾಲನ್ನು ಗೋಡೆಗೊತ್ತಿ ಜಜ್ಜಿಹಾಕಿತ್ತು. ಎಚ್ಚರಿಕೆಯ ಸದ್ದು ಕೇಳಿಯೂ ಸರಿಯದೆ ನಿಂತದ್ದು ಅವನದೇ ತಪ್ಪು ಎಂದು ಗೋದಾಮಿನವರು ಆಗಲೇ ತೀರ್ಮಾನಿಸಿಬಿಟ್ಟಿದ್ದರು.

“ಸದ್ದೇ ಇರ್ಲಿಲ್ಲ ಅಂತಾನೆ ನಮ್ಮಣ್ಣ. ಕಾಲು ಹೋಯ್ತು, ಕೆಲಸಾನೂ ಹೋಗುತ್ತೆ. ಸುಳ್ಳುಗಾರ ಅನ್ನೋ ಹೆಸರು ಬೇರೆ ಹೊತ್ಕೋಬೇಕಾ ಸಾರ್?”

ಇನ್ಸ್‌ಪೆಕ್ಟರ್ ಎಫ್‌ಐಆರ್ ದಾಖಲಿಸಿ, ಹಿರಿಯ ಪೇದೆಯನ್ನು ಕರೆದುಕೊಂಡು ಹೊರಟರು. ವರ್ಗವಾಗಿ ಬಂದಾಗಿನಿಂದ ಅವರು ಒಂಟಿ. ಬಾಡಿಗೆ ಮನೆಯಲ್ಲಿ ಟಿವಿ ಹಾಕಿಟ್ಟುಕೊಂಡೇ ಉಣ್ಣುತ್ತಿದ್ದರು. ಅದರಲ್ಲಿ ಏನು ಬರುತ್ತಿತ್ತೆಂದು ಕೇಳಿದರೆ ಹೇಳಲು ಬರುತ್ತಿರಲಿಲ್ಲ.

ಗೋದಾಮಿನಲ್ಲಿ ನಾಲ್ಕು ಫೋರ್ಕ್‌ಲಿಫ್ಟ್‌ಗಳಿದ್ದವು. ಅಪಘಾತ ಮಾಡಿದ ಗಾಡಿಯ ಚಾಲಕನನ್ನು ಎಲ್ಲರೂ ಗುಮ್ಮಣ್ಣ ಎನ್ನುತ್ತಿದ್ದರು. ನಡುವಯಸ್ಸು ದಾಟಿದ ಆಸಾಮಿ. ಬಾಯಿಗೆ ಬೀಗ ಹಾಕಿಕೊಂಡವನಂತಿದ್ದ.

“ಹಿಂದಕ್ಕೆ ಬರುವಾಗ ಸದ್ದು ಆಗ್ತಿತ್ತಾ?”

“ಆಗ್ತಿತ್ತು ಸಾರ್.”

ಅಷ್ಟು ಹೇಳಿ ತಲೆ ತಗ್ಗಿಸಿದ. ಉಳಿದವರೂ ಒಬ್ಬರ ಹಿಂದೊಬ್ಬರು ಅದನ್ನೇ ಹೇಳಿದರು. ಎಲ್ಲರ ಮಾತೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿದ್ದದ್ದು ಇನ್ಸ್‌ಪೆಕ್ಟರಿಗೆ ಹಿಡಿಸಲಿಲ್ಲ.

“ಕೇಳಿಸಿದ್ದು ಯಾವ ಗಾಡೀದು?”

ಒಬ್ಬ ಲೋಡರ್ ನಿಜ ಕಕ್ಕಿದ: “ನಾಲ್ಕಕ್ಕೂ ಅದೇ ಪೀಂ ಪೀಂ ಸಾರ್. ಮನೇಲಿ ಮಲಗಿದ್ರೂ ಕಿವೀಲಿ ಅದೇ. ಯಾವುದು ಕೂಗ್ತು, ಯಾವುದು ಕೂಗ್ಲಿಲ್ಲ ಅಂತ ನಮಗೆ ಗೊತ್ತೇ ಆಗಲ್ಲ.”

ಸುರಕ್ಷತಾ ಅಧಿಕಾರಿ, ಸದ್ದು ಹೋದರೂ ನೀಲಿ ದೀಪವಿದೆಯಲ್ಲ ಎಂದರು. ಗಾಡಿ ಬರುವ ಮೊದಲೇ ಅದರ ಬೆಳಕು ಹಿಂದಿನ ನೆಲದ ಮೇಲೆ ಬೀಳುತ್ತದಂತೆ. ಹಿಂದಿನ ದಿನ ಅಪಘಾತವಾದ ಹೊತ್ತಿಗೇ, ಅದೇ ಜಾಗದಲ್ಲಿ, ಇನ್ಸ್‌ಪೆಕ್ಟರ್ ಆ ಗಾಡಿಯನ್ನು ಸರಕು ಇಳಿಸುವ ಬಾಗಿಲ ಬಳಿ ಹಿಂದಕ್ಕೆ ಓಡಿಸಿ ನೋಡಿದರು. ಒಳಗಿನ ಮಬ್ಬಿನಲ್ಲಿ ಮುಂದೆ ಮುಂದೆ ತೆವಳಿಬಂದ ನೀಲಿ ಚುಕ್ಕೆಯನ್ನು ಬಾಗಿಲ ಬಿಸಿಲು ಗುಳುಂ ಮಾಡಿತು. ಪೀಂ ಪೀಂ ಮಾತ್ರ ಬರಲೇ ಇಲ್ಲ.

“ಏಟಿಗೆ ತಂತಿ ಕಿತ್ತಿರಬೇಕು,” ಎಂದರು ಅಧಿಕಾರಿ.

ಪಂಚನಾಮೆಗೆ ಕುಳಿತ ಪೇದೆ ಗಾಡಿಯಡಿಗೆ ಟಾರ್ಚ್ ಬೆಳಕು ಬಿಟ್ಟ. ಅಲಾರಂನ ತಂತಿ ಕಿತ್ತಿರಲಿಲ್ಲ. ಯಾರೋ ಬಿಚ್ಚಿ, ತುದಿಗೆ ಟೇಪು ಸುತ್ತಿದ್ದರು. ಟೇಪಿನ ಮೇಲೆ ದಪ್ಪ ಧೂಳು ಕೂತಿತ್ತು. ಅಲ್ಲಿಂದ ಇನ್ನೊಂದು ತಂತಿ ಸೀಟಿನಡಿಗೆ ಹೋಗಿತ್ತು. ಅದರ ತುದಿಯ ತಾಮ್ರ ಮಾತ್ರ ಈಗಷ್ಟೇ ಎಳೆದಂತೆ ಹೊಳೆಯುತ್ತಿತ್ತು. ಪೀಂ ಪೀಂ ಬಿಚ್ಚಿದವನು ಅದರ ಬದಲು ಬೇರೇನನ್ನೋ ಸೇರಿಸಿದ್ದ.

“ಗಾಡಿಗಳಿಗೆ ಈ ಅಲಾರಂ ಆಯ್ಕೆ ಮಾಡಿದ್ದು ಹೇಗೆ?” ಇನ್ಸ್‌ಪೆಕ್ಟರ್ ಕೇಳಿದರು.

ಮೂರು ಮಾದರಿ ತರಿಸಿದ್ದೆವು ಎಂದರು ಅಧಿಕಾರಿ. ಒಂದು ಪೀಂ ಪೀಂ, ಒಂದು ಬುಸ್ ಎನ್ನುವುದು, ಇನ್ನೊಂದು ಮಾತಾಡುವುದು. ಮೂರನೆಯದನ್ನು ಒಂದು ವಾರ ಗುಮ್ಮಣ್ಣನ ಗಾಡಿಗೆ ಹಾಕಿ ನೋಡಿದ್ದರು. ನಾಲ್ಕೂ ಗಾಡಿ ಒಟ್ಟಿಗೆ ಮಾತಾಡಿದರೆ ಗೋದಾಮು ಸಂತೆಯಾದೀತೆಂದು ಬೇಡವೆಂದರು. ಹೆಂಗಸಿನ ದನಿಯದು. ಆ ವಾರವಿಡೀ ಹುಡುಗರು “ಅತ್ತಿಗೆ ಬಂದ್ರು, ದಾರಿ ಬಿಡ್ರೋ” ಎಂದು ಗುಮ್ಮಣ್ಣನ ಕಾಲೆಳೆದಿದ್ದರಂತೆ. ಯಾವತ್ತೂ ನಗದವನು ಆಗ ನಕ್ಕಿದ್ದನಂತೆ.

ಉಗ್ರಾಣದಲ್ಲಿ ಹುಡುಕಿದಾಗ ಆ ಮಾದರಿ ಇರಲಿಲ್ಲ.

ಸಂಜೆ ಗುಮ್ಮಣ್ಣನನ್ನು ಅವನ ಕೋಣೆಗೆ ಕರೆದೊಯ್ದು ಬಾಗಿಲು ತೆಗೆಸಿದರು. ಒಂದು ಮಂಚ, ಒಂದು ತಟ್ಟೆ, ಒಂದೇ ಲೋಟ. ಕಿಟಕಿಯ ಬಳಿ, ಹಳೇ ಬೈಕ್ ಬ್ಯಾಟರಿಗೆ ಸೇರಿಸಿದ ಕಪ್ಪು ಡಬ್ಬಿ, ಸುತ್ತ ಟವೆಲ್. ಪೇದೆ ಗುಂಡಿ ಒತ್ತಿದ. ಟವೆಲ್ಲಿನೊಳಗಿಂದ ಮೆಲ್ಲನೆ ಕೇಳಿಸಿತು: “ಸ್ವಲ್ಪ ಜೋಪಾನ. ನಾನು ಬರ್ತಾ ಇದ್ದೀನಿ.”

ಗುಮ್ಮಣ್ಣ ಬಗ್ಗಿ ಡಬ್ಬಿಯ ಟವೆಲ್ ಸರಿಮಾಡಿದ.

“ಸುಳ್ಳು ಹೇಳ್ಲಿಲ್ಲ ಸಾರ್. ಸದ್ದು ಆಗ್ತಿತ್ತು. ನನ್ನೊಬ್ಬನಿಗೆ ಕೇಳೋ ಹಾಗೆ, ಸೀಟಿನ ಕೆಳಗೆ.”

“ಎಲ್ಲರೂ ಗಾಯಗೊಂಡವನ ಹತ್ತಿರ ಓಡಿದಾಗ ನೀನೇನು ಮಾಡ್ತಿದ್ದೆ?”

“ಡಬ್ಬಿ ಕಿತ್ಕೊತಿದ್ದೆ.”

ಹೆಂಡತಿ ಹೋದಮೇಲೆ ಆ ಕೋಣೆಗೆ ಯಾರೂ ಬಂದಿರಲಿಲ್ಲ. ಗೋದಾಮಿನ ಗದ್ದಲದಲ್ಲಿ ಮಾತೆಲ್ಲ ಕೈಸನ್ನೆಯಲ್ಲೇ ಮುಗಿಯುತ್ತಿತ್ತು. ಪೀಂ ಪೀಂ ಎಲ್ಲರನ್ನೂ ದೂರ ಓಡಿಸುತ್ತದೆ, ಇದು ಬರ್ತೀನಿ ಅನ್ನುತ್ತಿತ್ತು ಎಂದಷ್ಟೇ ಅವನು ಹೇಳಿದ. ನೀಲಿ ದೀಪ ಸಾಕೆಂದು ನಂಬಿದ್ದನಂತೆ. ಬಂಧಿಸುವಾಗ ತಾನಾಗಿ ಕೇಳಿದ್ದು ಒಂದೇ: “ತಪ್ಪು ಅವನದಲ್ಲ ಅಂತ ಅವನ ತಂಗಿಗೆ ನೀವೇ ಹೇಳ್ತೀರಾ?”

ಇನ್ಸ್‌ಪೆಕ್ಟರ್ ಠಾಣೆಗೆ ಬಂದವರೇ ಆಸ್ಪತ್ರೆಗೆ ಫೋನ್ ಮಾಡಿದರು. ತಂಗಿ ಅತ್ತಳು, ಆಮೇಲೆ ಅಣ್ಣನ ಕಿವಿಗೆ ಫೋನ್ ಹಿಡಿದಳು.

ಡಬ್ಬಿಗೆ ಅರಗಿನ ಮೊಹರು ಹಾಕುವಾಗ ಪೇದೆ ಬ್ಯಾಟರಿ ಬಿಚ್ಚಲು ಮರೆತಿದ್ದ. ಕೈ ತಗುಲಿ ಗುಂಡಿ ಒತ್ತಿಕೊಂಡಿತು. “ಸ್ವಲ್ಪ ಜೋಪಾನ. ನಾನು ಬರ್ತಾ ಇದ್ದೀನಿ.”

ಲಾಕಪ್ಪಿನೊಳಗಿದ್ದವನು ತಲೆ ಎತ್ತಿ ಠಾಣೆಯ ಬಾಗಿಲ ಕಡೆ ನೋಡಿದ. ಇನ್ಸ್‌ಪೆಕ್ಟರ್ ತಾವೂ ಅತ್ತಲೇ ತಿರುಗಿದ್ದು ಗೊತ್ತಾಗಿ, ತಂತಿ ಬಿಚ್ಚುವಂತೆ ಪೇದೆಗೆ ಕೈಸನ್ನೆ ಮಾಡಿದರು.