ಮೂರು ಊರಿನ ವ್ಯಾಳ್ಯಾ

"ಒಬ್ಬ ಮನಿಷ್ಯಾಗ ಮೂರು ಊರಿನ ವ್ಯಾಳ್ಯಾ ಯಾಕ ಬೇಕು?"

ಅಂಗಡಿಯಲ್ಲಿ ಕಲ್ಮೇಶನ ಹೊರತು ಯಾರೂ ಇರಲಿಲ್ಲ. ಗೋಡೆಯ ಮೇಲಿನ ಹದಿನೇಳು ಗಡಿಯಾರಗಳು ತಮ್ಮ ಪಾಡಿಗೆ ತಾವು ಟಿಕ್ ಟಿಕ್ ಎನ್ನುತ್ತಿದ್ದವು. ಕೇಳಿದ ಮೇಲೆ ಕಲ್ಮೇಶನಿಗೇ ನಾಚಿಕೆಯಾಯಿತು. ಯಾಕೆಂದರೆ ಉತ್ತರ ಅವನಿಗೆ ಗೊತ್ತಿತ್ತು. ಎಂಟು ದಿನದಿಂದ ಗೊತ್ತಿತ್ತು.

ಬೈಲಹೊಂಗಲದ ಪೇಟೆಯಲ್ಲಿ ಅದು ಮಲಕಾಜಪ್ಪನ ಗಡಿಯಾರದ ಅಂಗಡಿ. ಮಲಕಾಜಪ್ಪ ಲಿಂಗೈಕ್ಯನಾಗಿ ಹತ್ತು ತಿಂಗಳಾಗಿತ್ತು. ಆದರೂ ಜನರ ಬಾಯಲ್ಲಿ ಅಂಗಡಿ ಅವನದೇ, ಮಗ ಕಲ್ಮೇಶ ಅಲ್ಲಿ ಕುಳಿತು ಕಾಯುವವ ಅಷ್ಟೆ.

ಎಂಟು ದಿನದ ಹಿಂದೆ ದೊಡವಾಡದ ಶಂಕರೆಪ್ಪ ಬಂದು ಒಂದು ಚೀಟಿ ಕೊಟ್ಟು ಹೋಗಿದ್ದ. ಈ ಕಡೆಯ ಮನೆತನಗಳಲ್ಲಿ ನಿಶ್ಚಯದ ದಿನ ಹೆಣ್ಣಿನವರು ವರನ ಕೈಗೆ ಗಡಿಯಾರ ಕಟ್ಟಬೇಕು. ಅದನ್ನು ಹುಡುಗಿಯೇ ಬಂದು ತನ್ನ ಕೈಯಾರೆ ಆರಿಸಬೇಕು. ಈ ವರ ಕುವೈತಿನಲ್ಲಿದ್ದ; ನಿಶ್ಚಯಕ್ಕೆ ಬರಲು ರಜೆ ಸಿಗದೆ, ಗಡಿಯಾರವನ್ನು ಅವನ ಮನೆಯವರ ಕೈಗೆ ಕೊಡುವುದೆಂದು ಮಾತಾಗಿತ್ತು. ರಾಮದುರ್ಗದವ, ಹೆಸರು ಅಡಿವೆಪ್ಪ. ಎಂಥ ಗಡಿಯಾರ ಬೇಕೆಂದು ತಾನೇ ಬರೆದು ಕಳಿಸಿದ್ದ: "ಕುವೈತ್, ಇಂಡಿಯಾ, ಮನಿಲಾ. ಮೂರೂ ಟೈಮ್ ಒಂದೇ ವಾಚಿನಾಗ ಕಾಣಬೇಕು."

"ಹುಡುಗಿ ಯಾರ್ರೀ ಕಾಕಾ?" ಎಂದು ಅಂದು ಕಲ್ಮೇಶ ಸುಮ್ಮನೆ ಕೇಳಿದ್ದ.

"ನಮ್ಮ ಅಣ್ಣನ ಮಗಳು. ನಾಗರತ್ನಾ."

ಕಲ್ಮೇಶನ ಚಿಮಟದಲ್ಲಿದ್ದ ತಿರುಪು ಕೆಳಗೆ ಬಿತ್ತು. ಸಾಸಿವೆ ಕಾಳಿಗಿಂತ ಸಣ್ಣದು. ಹುಡುಕುವ ನೆಪದಲ್ಲಿ ಅವನು ಬಹಳ ಹೊತ್ತು ನೆಲ ನೋಡುತ್ತಲೇ ಕುಳಿತ.

ನಾಗರತ್ನಾ ಅವನಿಗೆ ಹೊಸಬಳಲ್ಲ. ಎರಡು ವರ್ಷದ ಹಿಂದೆ ಹೊಲಿಗೆ ಕ್ಲಾಸಿಗೆಂದು ದೊಡವಾಡದಿಂದ ದಿನಾ ಬಸ್ಸಿಗೆ ಬರುತ್ತಿದ್ದಳು. ತೀರಿಹೋದ ಅಪ್ಪನ ಕೀಲಿ ಕೊಡುವ ಗಡಿಯಾರವನ್ನು ರಿಪೇರಿಗೆ ತಂದಳು. ಅದು ಒಂದೇ ದಿನದಲ್ಲಿ ಸರಿಹೋಯಿತು. ಆದರೂ ಏನೋ ಒಂದು ತಕರಾರು ಹೇಳಿಕೊಂಡು ಎಂಟೆಂಟು ದಿನಕ್ಕೆ ಬಂದಳು.

"ಐದ ಮಿನಿಟು ಹಿಂದ ಬೀಳಾಕತ್ತೇತಿ ನೋಡ್ರಿ."

"ಗಡಿಯಾರ ಬರೋಬರಿ ಐತಿ. ನಿನ್ನ ಬಸ್ಸ ಮುಂದ ಬಂದಿರಬೇಕು."

ಅವನು ಕೆಲಸಕ್ಕೆ ಕುಳಿತಾಗ ಬಲಗಣ್ಣಿಗೆ ಕರಿಯ ಭಿಂಗ ಸಿಕ್ಕಿಸಿಕೊಳ್ಳುತ್ತಿದ್ದ. ಅದು ಹಾಕಿದರೆ ಕೂದಲೆಳೆಯೂ ಹಗ್ಗದಂತೆ ಕಾಣುತ್ತದೆ. ಒಮ್ಮೆ ಅವಳು ಗಾಜಿನ ಕಪಾಟಿನ ಮೇಲೆ ಗದ್ದ ಊರಿ, ನಗು ತಡೆದುಕೊಂಡು ಕೇಳಿದಳು: "ಆ ಕಣ್ಣಿಗೆ ನಾ ಎಷ್ಟ ದೊಡ್ಡಾಕಿ ಕಾಣಸ್ತೇನ್ರಿ?"

ಅವನು ಭಿಂಗ ತೆಗೆಯದೆ ತಲೆಯೆತ್ತಿ ನೋಡಿದ. ಅವಳ ಮೂಗುಬೊಟ್ಟಿನ ಹರಳು, ಅದರ ಪಕ್ಕ ಒಂದು ಬೆವರಹನಿ, ಆ ಹನಿಯಲ್ಲಿ ಇಡೀ ಪೇಟೆಯ ಬೆಳಕು.

"ಅಂಗಡಿ ತುಂಬ" ಎಂದ.

ಅವಳು ಕೆಂಪಾಗಿ, ಗಡಿಯಾರ ಮರೆತು ಬಸ್‌ಸ್ಟ್ಯಾಂಡಿನ ಕಡೆ ಹೋದಳು. ಮರುದಿನ ಅದನ್ನು ಒಯ್ಯಲು ಬಂದವಳಿಗೆ ಕಲ್ಮೇಶ, "ಗಂಗಯ್ಯನವರನ್ನ ನಿಮ್ಮ ಮನಿಗೆ ಕಳಸ್ತೇನಿ" ಎಂದ. ಗಂಗಯ್ಯನವರು ಜಂಗಮರು, ಈ ಸೀಮೆಯ ಎಷ್ಟೋ ಸಂಬಂಧಗಳು ಅವರ ಬಾಯಿಂದಲೇ ಕೂಡಿದ್ದು. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು. ಅವನಿಗೆ ಅಷ್ಟು ಸಾಕಾಗಿತ್ತು.

ಅದೇ ವಾರ ಮಲಕಾಜಪ್ಪ ತೀರಿಕೊಂಡ. ಹನ್ನೊಂದನೆಯ ದಿನ ಕಳೆದ ಮೇಲೆ ಅಂಗಡಿಗೆ ಬಂದ ಅವಳಿಗೆ ಕಲ್ಮೇಶ ಹೇಳಿದ: "ಸಾವಾದ ಮನಿಯವರು ಮದವಿ ಮಾತ ಹಿಡಕೊಂಡು ಇನ್ನೊಬ್ಬರ ಹೊಸ್ತಲಾ ತುಳಿಬಾರದು. ವರ್ಷ ತುಂಬಲಿ."

"ಕೊರಳಾಗ ಲಿಂಗ ಕಟ್ಟಿಕೊಂಡವರಿಗೆ ಸೂತಕ ಎಲ್ಲೀದ್ರಿ? ನಿಮ್ಮಪ್ಪಾರ ಇದನ್ನ ಹೇಳತಿದ್ರಲ್ಲ."

"ಮಂದಿ ಏನಂತಾರ?"

ಅಪ್ಪನ ಎದುರು ಕುಳಿತು ಸಾವಿರ ವಚನ ಕೇಳಿ ಬೆಳೆದವ ಕಲ್ಮೇಶ. ಲಿಂಗವಂತನಿಗೆ ಸೂತಕವಿಲ್ಲ ಎಂದು ಅವನಿಗೆ ಬೇರೆಯವರು ಹೇಳಬೇಕಾಗಿರಲಿಲ್ಲ. ಆದರೂ ವರ್ಷ ಹಿಡಿದು ಕುಳಿತ. ಆ ವರ್ಷಕ್ಕೆ ಇನ್ನೂ ಎರಡು ತಿಂಗಳು ಬಾಕಿ ಇರುವಾಗ ಶಂಕರೆಪ್ಪ ಆ ಚೀಟಿ ತಂದ.

ಚೀಟಿ ಬಂದ ದಿನವೇ ಮುನವಳ್ಳಿಯ ದುಂಡಪ್ಪ ಕೈಗಡಿಯಾರದ ಸೆಲ್ಲು ಹಾಕಿಸಲು ಬಂದಿದ್ದ. ಅವನೂ ಕುವೈತಿನವನೇ, ಅಡಿವೆಪ್ಪ ಇದ್ದ ಕಂಪನಿಯಲ್ಲೇ ಡ್ರೈವರು, ರಜೆಯಲ್ಲಿ ಊರಿಗೆ ಬಂದವ.

"ಅಣ್ಣಾರ, ಮನಿಲಾ ಅಂದ್ರ ಎಲ್ಲಿ ಬರತೈತ್ರಿ?"

"ಫಿಲಿಪೈನ್ಸ್ ದೇಶದಾಗ. ಯಾಕ?"

ಕಲ್ಮೇಶ ಅಡಿವೆಪ್ಪನ ಹೆಸರು ಹೇಳಿ ಚೀಟಿ ತೋರಿಸಿದ. ಓದಿದ ದುಂಡಪ್ಪ ಮೀಸೆಯೊಳಗೇ ನಕ್ಕ. "ಅಡಿವೆಪ್ಪಗ ಬೇಕ ಬೇಕಲ್ಲಪಾ. ಅವನ ಹೆಣ್ತಿ ಮಗಳು ಇರೂದು ಅಲ್ಲೇ. ಆಕಿ ನಮ್ಮಲ್ಲೇ ನರ್ಸ್ ಇದ್ಲು. ನಾನ ಸಾಕ್ಷಿಗೆ ನಿಂತು ಅವರ ಮದವಿ ಮಾಡಿಸೇನಿ. ಕೂಸಾದ ಮ್ಯಾಲ ಊರಿಗೆ ಹೋದ್ಲು. ದಿನಾ ಫೋನ್ ಹಚ್ಚತಾನ. ಭಾಳ ಜೀವ ಆ ಮಗಳ ಮ್ಯಾಲ."

ನಂತರ, ಈ ಗಡಿಯಾರ ಯಾಕೆಂದು ಕೇಳಿ, ಅದು ಅಡಿವೆಪ್ಪನ ನಿಶ್ಚಯಕ್ಕೆ ಎಂದು ತಿಳಿದು, ದುಂಡಪ್ಪನ ನಗು ಆರಿಹೋಯಿತು. "ನಾ ಹೇಳೇನಿ ಅನಬ್ಯಾಡ" ಎಂದು ಎದ್ದು ಹೋದ.

ಹೇಳಬೇಕು ಎಂದು ಕಲ್ಮೇಶ ದಿನಾ ಮುಂಜಾನೆ ಲಿಂಗಪೂಜೆಗೆ ಕುಳಿತಾಗ ನಿಶ್ಚಯಿಸುತ್ತಿದ್ದ. ವಿಭೂತಿ ಒಣಗುವಷ್ಟರಲ್ಲಿ ಆ ನಿಶ್ಚಯವೂ ಒಣಗುತ್ತಿತ್ತು. ಹುಡುಗಿ ಕೈತಪ್ಪಿತೆಂದು ಹೊಟ್ಟೆಕಿಚ್ಚಿಗೆ ಚಾಡಿ ಹೇಳಿದ ಎಂದು ಮಂದಿ ಅನ್ನುವುದಿಲ್ಲವೇ? ತನಗೆ ಬೇಕಾದವಳ ಮದುವೆಯನ್ನು ತಾನೇ ಮುರಿದರೆ ಆ ಮಾತು ಶುದ್ಧವೇ? ಹೀಗೆ ಅವನ ಭಕ್ತಿ ಅವನಿಗೆ ಒಂದೊಂದು ದಿನಕ್ಕೆ ಒಂದೊಂದು ನೆಪ ಹುಡುಕಿ ಕೊಟ್ಟಿತು.

ಇವತ್ತು ಎಂಟನೆಯ ದಿನ. ನಾಳೆ ನಿಶ್ಚಯ. ಬೆಳಗಾವಿಗೆ ಹೋಗಿ ಅವನು ಎರಡು ಬಗೆಯ ಗಡಿಯಾರ ತಂದಿದ್ದ. ಎರಡು ಡಯಲ್ಲಿನವು ನಾಲ್ಕು, ಮೂರು ಡಯಲ್ಲಿನದು ಒಂದು. ಆ ಒಂದನ್ನು ಡ್ರಾವರಿನಲ್ಲಿ, ಮೆತ್ತನೆಯ ಬಟ್ಟೆಯ ಕೆಳಗೆ ಇಟ್ಟ. ಇದು ಇಲ್ಲವೆಂದರೆ ಅಡಿವೆಪ್ಪ ತಾನೇ ತಕರಾರು ತೆಗೆಯಬಹುದು, ಮಾತಿಗೆ ಮಾತು ಬೆಳೆದು ನಿಜ ತಾನಾಗಿಯೇ ಹೊರಬೀಳಬಹುದು, ತಾನು ಬಾಯಿ ಬಿಡುವ ಪ್ರಸಂಗವೇ ಬಾರದಿರಬಹುದು. ಹಾಗೆಂದು ಅವನ ಲೆಕ್ಕ.

ಹನ್ನೊಂದೂವರೆಗೆ ಅವರು ಬಂದರು. ಮುಂದೆ ಶಂಕರೆಪ್ಪ, ಹೆಗಲ ಮೇಲೆ ಟಾವೆಲ್ಲು. ಹಿಂದೆ ನಾಗರತ್ನಾ. ಕೈತುಂಬ ಹಸಿರು ಬಳೆ. ಬಡಕಲಾಗಿದ್ದಳು.

"ಏನಪಾ ಕಲ್ಮೇಶಿ, ವರನ ಗಡಿಯಾರ ತಯಾರ ಐತೋ, ಇಲ್ಲಾ ನಾವು ಬಿಸಲ ನೋಡಿ ಲಗ್ನ ಮಾಡೂದೋ?"

"ಕುಂದರ್ರಿ ಕಾಕಾ."

ಅವನು ನಾಲ್ಕು ಗಡಿಯಾರಗಳನ್ನು ಸಾಲಾಗಿ ಇಟ್ಟ. ಶಂಕರೆಪ್ಪ ಒಂದೊಂದನ್ನೇ ಎತ್ತಿ ಕಿವಿಗೆ ಹಿಡಿದ. "ಇವಕ್ಕ ಸಪ್ಪಳನ ಇಲ್ಲಲ್ಲೋ. ಸತ್ತಾವೇನು?"

"ಸೆಲ್ಲಿನವು ಕಾಕಾ. ಸುಮ್ಮ ನಡಿತಾವ."

"ನಿನ್ನಂಗ" ಎಂದಳು ನಾಗರತ್ನಾ, ಯಾರನ್ನೂ ನೋಡದೆ.

ಶಂಕರೆಪ್ಪನಿಗೆ ಅದು ಕೇಳಲಿಲ್ಲ. ಕೇಳಿದವನಿಗೆ ಅದು ಎದೆಯಲ್ಲಿ ನಾಟಿತು. ಎಂದೂ ಬಹುವಚನ ಬಿಡದವಳು ಅಂದು ಬಿಟ್ಟಿದ್ದಳು.

ಅವಳು ನೀಲಿ ಡಯಲ್ಲಿನದನ್ನು ಎತ್ತಿಕೊಂಡಳು. ದೊಡ್ಡ ಡಯಲ್ಲಿನೊಳಗೆ ಬಿಲ್ಲೆಯಷ್ಟು ಸಣ್ಣದು ಇನ್ನೊಂದು. "ದೊಡ್ಡದು ಯಾವ ಊರಿಂದ್ರಿ?"

"ಕುವೈತಿಂದು."

"ಸಣ್ಣದು?"

"ನಮ್ಮದು."

"ನಮ್ಮೂರು ಭಾಳ ಸಣ್ಣ ಆಗೇತಿ" ಎಂದಳು. "ಅಲ್ಲಿ ಕುಂತು ನೋಡಾವಗ ನಾ ಕಾಣಬೇಕಂದ್ರ ನಿಮ್ಮ ಭಿಂಗನ ಬೇಕು."

ಶಂಕರೆಪ್ಪ ಚೀಟಿ ತೆಗೆದು ಮತ್ತೆ ಓದಿದ. "ಮೂರು ಅಂತ ಬರದಾನಲ್ಲಪಾ ತಮ್ಮಾ. ಇದರಾಗ ಎರಡ ಅದಾವ."

"ಸಿಗಲಿಲ್ಲರಿ ಕಾಕಾ. ಬೆಳಗಾವಿಗೆ ಹೋಗಿ ಬಂದೆ."

"ಹಂಗಾರ ಒಂದ ಮಾತ ಕೇಳೂದ ಚಲೋ. ಈಗ ಡ್ಯೂಟಿಗೆ ಹೋಗೂಕಿಂತ ಮದಲ ಸಿಗತಾನ." ಅವನು ಟಾವೆಲ್ಲು ಕೊಡವಿ ಎದುರಿನ ಎಸ್‌ಟಿಡಿ ಬೂತಿಗೆ ಹೋದ.

ಇಬ್ಬರೇ ಉಳಿದರು. ಹತ್ತು ತಿಂಗಳ ಮೇಲೆ.

"ಚಂದ ಅದಾವು" ಎಂದಳು, ಗಡಿಯಾರಗಳ ಮೇಲೆ ಬೆರಳಾಡಿಸುತ್ತ. "ಯಾವದು ತಗೋಬೇಕು, ನೀವ ಹೇಳ್ರಿ."

ಕಲ್ಮೇಶ ಎದುರಿನ ಬೂತಿನತ್ತ ಒಮ್ಮೆ ನೋಡಿದ. ಹೇಳುವುದಿದ್ದರೆ ಇದೇ ಗಳಿಗೆ. "ನೀಲಿದು ಬಾಳಿಕಿ ಬರತೈತಿ" ಎಂದ.

ಅವಳು ತಲೆಯೆತ್ತಿ ಅವನನ್ನೇ ನೋಡಿದಳು. "ಸುಳ್ಳ ಹೇಳುವಾಗ ನಿಮ್ಮ ಎಡಗಣ್ಣ ಸಣ್ಣಾಗತೈತಿ. ಕಾಕಾಗ ಸಿಗಲಿಲ್ಲ ಅಂದಾಗೂ ಸಣ್ಣಾಗಿತ್ತು. ಮೂರನೇದು ಎಲ್ಲಿಟ್ಟೀರಿ?"

ಅವನ ಕೈ ತಾನಾಗಿ ಡ್ರಾವರಿಗೆ ಹೋಯಿತು. ಬೆಳ್ಳಗೆ ಹೊಳೆಯುವ ಅಗಲ ಗಡಿಯಾರ. ಮೂರು ಡಯಲ್ಲಿಗೂ ಅವನು ಮುಳ್ಳು ಕೂಡಿಸಿಟ್ಟಿದ್ದ. ಒಂದರಲ್ಲಿ ಹನ್ನೊಂದೂ ಮುಕ್ಕಾಲು. ಒಂದರಲ್ಲಿ ಒಂಬತ್ತೂ ಕಾಲು. ಇನ್ನೊಂದರಲ್ಲಿ ಆಗಲೇ ಮಧ್ಯಾಹ್ನ ಎರಡು ದಾಟಿ ಕಾಲು ತಾಸಾಗಿತ್ತು.

"ಇಲ್ಲಿ ಯಾರ ಅದಾರ್ರಿ?" ಮೂರನೆಯದರ ಮೇಲೆ ಅವಳ ಬೆರಳು ನಿಂತಿತ್ತು. "ಮನಿಲಾ ಅಂದ್ರ ಏನಂತ ಕಾಕಾನ ಕೇಳಿದೆ. ಕಂಪನಿ ಇದ್ದಿರಬೇಕು ಅಂದ್ರು. ಕಂಪನಿ ಆಗಿದ್ರ ನೀವು ಮುಚ್ಚಿ ಇಡತಿದ್ದಿಲ್ಲ."

ಹೊರಗೆ ಒಂದು ಟ್ರ್ಯಾಕ್ಟರ್ ಕಬ್ಬು ಹೇರಿಕೊಂಡು ಹೋಯಿತು. ಅದು ದಾಟುವವರೆಗೆ ಅವನು ಕಾದ. ಆಮೇಲೆ ಕಾಯಲು ಏನೂ ಉಳಿಯಲಿಲ್ಲ.

"ಅವನ ಹೆಣ್ತಿ. ಮದವಿ ಆಗ್ಯಾನ. ಒಂದು ಹೆಣ್ಣಮಗು ಐತಿ."

ಅವಳು ಅಳಲಿಲ್ಲ. ಗಡಿಯಾರವನ್ನು ಬಟ್ಟೆಯ ಮೇಲೆ ಮೆಲ್ಲಗೆ ಇಟ್ಟಳು, ಗಾಜಿಗೆ ತಾಗದಂತೆ. ಬಳೆಗಳನ್ನು ಮೊಣಕೈಯತ್ತ ಸರಿಸಿಕೊಂಡಳು. ಅವು ಮತ್ತೆ ಜಾರಿ ಕೆಳಗೆ ಬಂದವು.

"ಯಾವಾಗ ಗೊತ್ತಾತು ನಿಮಗ?"

"ಎಂಟ ದಿನಾತು."

"ದೊಡವಾಡಕ್ಕ ದಿನಕ್ಕ ಎಷ್ಟ ಬಸ್ಸ ಅದಾವ್ರಿ ಇಲ್ಲಿಂದ?"

ಅವೆಲ್ಲದರ ಹೊತ್ತು ಅವನಿಗೆ ಬಾಯಿಪಾಠವಿತ್ತು. ಎರಡು ವರ್ಷ ಅವುಗಳ ದಾರಿ ಕಾದವ ಅವನು.

"ಈ ಎಂಟ ದಿನದಾಗ ನನ್ನ ಹೊಲಗಿ ಮಶೀನ ಮಾರಿದ್ರು. ನಿನ್ನಿ ಓಣಿ ಹೆಣ್ಣಮಕ್ಕಳು ಬಂದು ಬಳಿ ಇಡಿಸಿದ್ರು, ಉಡಿ ತುಂಬಿದ್ರು. ಓಣಿ ಮುದುಕಿ ಮರೆವ್ವಾಯಿ ಸೋಬಾನದ ಹಾಡ ಹೇಳಿದ್ಲು." ಅವಳ ದನಿ ಏರಲೇ ಇಲ್ಲ. ಸಂತೆಯಿಂದ ತಂದ ಸಾಮಾನು ಹೇಳುವಂತೆ ಹೇಳುತ್ತಿದ್ದಳು. "ನಾ ಸುಮ್ಮ ಕುಂತು ಹಾಡಿಸಿಕೊಂಡೆ."

ಶಂಕರೆಪ್ಪ ಬೂತಿನಿಂದ ಹೊರಳಿ ಬಂದ. "ಎರಡಿಂದು ಆಗೂದ ಇಲ್ಲಂತಪಾ. ಮೂರ ಬೇಕಂತ." ಅಷ್ಟರಲ್ಲಿ ಅವನ ಕಣ್ಣು ಬಟ್ಟೆಯ ಮೇಲೆ ಬಿತ್ತು. "ಇದ ಐತೆಲ್ಲೋ ಇಲ್ಲಿ. ಸಿಗಲಿಲ್ಲ ಅಂದಿ? ಇರಲಿ, ಕಟ್ಟು."

"ಕಟ್ಟಬ್ಯಾಡ್ರಿ" ಎಂದಳು ನಾಗರತ್ನಾ. "ಕಾಕಾ, ನಾ ಈ ಮದವಿ ಆಗೂದಿಲ್ಲ. ಆ ಮನಿಷ್ಯಾಗ ಮನಿಲಾದಾಗ ಹೆಣ್ತಿ ಅದಾಳ."

ಶಂಕರೆಪ್ಪ ಒಮ್ಮೆ ಅವಳನ್ನು, ಒಮ್ಮೆ ಅವನನ್ನು ನೋಡಿದ. "ಯಾರ ಹೇಳಿದ್ರು?"

ಈ ಸಲ ಕಲ್ಮೇಶ ತಡಮಾಡಲಿಲ್ಲ. ಹೆಸರು ಹೇಳಬೇಡ ಅಂದಿದ್ದ ದುಂಡಪ್ಪನ ಹೆಸರನ್ನೂ ಹೇಳಿದ, ಮುನವಳ್ಳಿಯ ಮನೆಯ ಗುರುತನ್ನೂ ಹೇಳಿದ. ಹೇಳಿ ಮುಗಿಸಿದಾಗ ಶಂಕರೆಪ್ಪ ಸ್ಟೂಲಿನ ಮೇಲೆ ಕುಸಿದಿದ್ದ. ಟಾವೆಲ್ಲಿನಿಂದ ಮುಖ ಒರೆಸಿಕೊಂಡ, ಕುತ್ತಿಗೆ ಒರೆಸಿಕೊಂಡ, ಒರೆಸಿಕೊಳ್ಳುತ್ತಲೇ ಇದ್ದ.

"ಎಂಟ ದಿನಾ ಬಾಯಾಗ ಏನ ಇಟಗೊಂಡಿದ್ದೆಪಾ?" ಎಂದ ಕೊನೆಗೆ. "ನಿಮ್ಮಪ್ಪ ಇದ್ದಿದ್ರ ಅವತ್ತ ಸಂಜೀಕ ನಮ್ಮ ಕಟ್ಟಿ ಮ್ಯಾಲ ಬಂದು ಕುಂದರತಿದ್ದ."

ಅವನು ಎದ್ದ. "ರಾಮದುರ್ಗಕ್ಕ ಫೋನ್ ಹಚ್ಚಿ ಬರತೇನಿ. ನಾಳೆ ಮಂದಿ ಗಾಡಿ ಕಟಗೊಂಡು ಬಂದಾರು. ನೀ ಬಸ್‌ಸ್ಟ್ಯಾಂಡಿಗೆ ನಡಿ ನಾಗೂ." ಬಂದಾಗಿನಕ್ಕಿಂತ ಹತ್ತು ವರ್ಷ ಮುದುಕನಂತೆ ಅವನು ರಸ್ತೆ ದಾಟಿದ.

ನಾಗರತ್ನಾ ಮೆಟ್ಟಿಲ ತನಕ ಹೋಗಿದ್ದಳು. ಕಲ್ಮೇಶ ಕಪಾಟು ಬಿಟ್ಟು ಹೊರಗೆ ಬಂದ. ಹಗಲು ಹೊತ್ತಿನಲ್ಲಿ, ಪೇಟೆಯ ಮಂದಿಯ ಎದುರು, ಅವನು ಅವಳ ಹತ್ತಿರ ಇಷ್ಟು ಸಮೀಪ ನಿಂತದ್ದು ಅದೇ ಮೊದಲು.

"ನಾಗರತ್ನಾ, ಇವತ್ತ ಸಂಜೀಕ ಗಂಗಯ್ಯನವರನ್ನ ಕಳಸ್ತೇನಿ. ವರ್ಷ ತುಂಬೂದು ಬಿಡೂದು ಏನೂ ನೋಡೂದಿಲ್ಲ. ಬೇಕಾರ ನಾನ ಬರತೇನಿ, ನಿಮ್ಮ ಕಟ್ಟಿ ಮ್ಯಾಲ ಕುಂತು ಕೇಳತೇನಿ. ನೀ ಹೂಂ ಅನ್ನು."

ಅವಳ ಕಣ್ಣು ಆಗ ತುಂಬಿತು. ಅಷ್ಟು ಹೊತ್ತು ತುಂಬದ್ದು.

"ನಿಮ್ಮ ಮ್ಯಾಲ ಜೀವ ಇಲ್ಲಂತ ಅಲ್ಲ" ಎಂದಳು. "ಐತಿ. ಗಡಿಯಾರ ಕೆಟ್ಟಿದ್ದಿಲ್ಲ ಅಂತ ನಿಮಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ನಿನ್ನಿ ಬಳಿ ಇಡಿಸಿಕೊಳ್ಳಾವಗ ಕಣ್ಣ ಮುಚ್ಚಿದ್ರ ನೀವ ಕಾಣತಿದ್ರಿ."

"ಮತ್ತ?"

"ಒಂದ ಮಾತ ಖರೇ ಹೇಳ್ರಿ. ಇವತ್ತ ನಾ ಕೇಳದಿದ್ರ, ಅಡಿವೆಪ್ಪನೂ ಎರಡಿಂದು ಸಾಕು ಅಂದಿದ್ರ, ಆ ನೀಲಿದನ್ನ ಡಬ್ಬ್ಯಾಗ ಹಾಕಿ, ದಾರ ಕಟ್ಟಿ, ನನ್ನ ಕೈಯಾಗ ಕೊಟ್ಟ ಕಳಸತಿದ್ರಿ. ಹೌದೋ ಅಲ್ಲೋ?"

ಕಲ್ಮೇಶ ಅಲ್ಲ ಎನ್ನಬೇಕೆಂದು ಬಾಯಿ ತೆರೆದ. ಆ ಹೊತ್ತು ಅವಳು ಅವನ ಎಡಗಣ್ಣನ್ನೇ ನೋಡುತ್ತಿದ್ದಳು. ಅವನು ತಲೆ ತಗ್ಗಿಸಿದ.

"ಗಂಗಯ್ಯನವರ್‍ನ ಕಳಸಬ್ಯಾಡ್ರಿ" ಎಂದಳು. "ನೀವೂ ಬರಬ್ಯಾಡ್ರಿ. ನಾ ಒಲ್ಲೆ."