ಹನ್ನೊಂದು ನಿಮಿಷದ ನೀರು

ಒಂಬತ್ತು ವರ್ಷದ ಹಿಂದೆ ಅಕ್ಕನಿಗೆ ಒಂದು ಮಾತು ಕೊಟ್ಟಿದ್ದೆ.

ನನ್ನ ಹೆಂಡತಿ ತೀರಿಕೊಂಡ ವಾರ ಅದು. ಮಗಳಿಗೆ ಆಗ ನಾಲ್ಕು ತಿಂಗಳು. "ಮಗೂನ ನಾನು ನೋಡ್ಕೋತೀನಿ," ಎಂದಳು ಅಕ್ಕ. "ನಿನ್ನ ಭಾವನ ಹೆಸರು ಮಾತ್ರ ನಿನ್ನ ಯಾವ ರಿಪೋರ್ಟಲ್ಲೂ ಬರಬಾರದು."

"ಬರಲ್ಲ," ಎಂದಿದ್ದೆ. ನಾನು ಸರ್ಕಾರಿ ಕಾಮಗಾರಿಗಳ ತನಿಖೆ ಮಾಡುವವನು, ಭಾವ ಗುತ್ತಿಗೆದಾರ.

ಆ ಮಾತು ಇವತ್ತು ನೆನಪಾದಾಗ ನಾನು ಜೊಂಡಿನೊಳಗೆ ಬೋರಲು ಬಿದ್ದಿದ್ದೆ. ಬೆನ್ನಿನ ಮೇಲೆ ಒಂದು ಗೇಣು ದೂರದಲ್ಲಿ ಜೆಸಿಬಿಯ ಬಕೆಟ್ಟು!

"ಏಯ್! ನಿಲ್ಸೋ! ಮನುಷ್ಯ ಇದೀನಿ ಇಲ್ಲಿ!"

ಬಕೆಟ್ಟು ನಿಂತಿತು. ಹಿಂದಿನಿಂದ ಇಬ್ಬರು ದಾಂಡಿಗರು ಓಡಿಬರುವ ಸದ್ದು... ಎದ್ದೆ. ಓಡಿದೆ.

ಬೆಳಗ್ಗಿನಿಂದ ಹೇಳದಿದ್ದರೆ ನಿಮಗೆ ತಲೆಬುಡ ತಿಳಿಯುವುದಿಲ್ಲ.

ಅದು ಊರಿನ ಬಚ್ಚಲ ನೀರನ್ನು ತೊಳೆಯುವ ಜಾಗ. ಮೆಷಿನ್ ಇಲ್ಲ, ಕರೆಂಟ್ ಇಲ್ಲ. ಉದ್ದನೆಯ ಹೊಂಡದ ತುಂಬ ಜಲ್ಲಿ, ಜಲ್ಲಿಯ ಮೇಲೆ ಆಳೆತ್ತರದ ಜೊಂಡು. ಕೊಳಚೆ ಒಂದು ತುದಿಯಲ್ಲಿ ಒಳಹೋಗುತ್ತದೆ, ಬೇರುಗಳ ನಡುವೆ ಮೂರು ದಿನ ತೆವಳುತ್ತದೆ, ಇನ್ನೊಂದು ತುದಿಯಲ್ಲಿ ತಿಳಿಯಾಗಿ ಬರುತ್ತದೆ.

ಬರಬೇಕು. ಆದರೆ ಮೂರು ಪರೀಕ್ಷೆಯಲ್ಲೂ ಫೇಲ್! ಇವತ್ತು ನಾಲ್ಕನೆಯದು. ಇದೂ ಹೋದರೆ ಮಧ್ಯಾಹ್ನವೇ ಎಲ್ಲ ಅಗೆದು ಮೆಷಿನ್ ಕೂರಿಸುತ್ತಾರೆ. ಕಾರಣ ಹುಡುಕಲು ಇಲಾಖೆ ನನ್ನನ್ನು ಕಳಿಸಿತ್ತು.

ಆ ಜೊಂಡನ್ನು ಆರು ವರ್ಷದಿಂದ ಸಾಕಿದ ಹೆಂಗಸನ್ನು ಎಲ್ಲರೂ ಜೊಂಡಮ್ಮ ಎನ್ನುತ್ತಾರೆ.

"ಪರೀಕ್ಷೆ ದಿನ ಮಾತ್ರ ನಾರುತ್ತೆ ಸಾರ್. ಮಿಕ್ಕ ದಿನ ಬಂದು ನೋಡಿ, ಕಪ್ಪೆ ಕೂಡ ಮುಖ ನೋಡ್ಕೊಳ್ಳುತ್ತೆ!"

"ಪರೀಕ್ಷೆ ಮಾಡೋ ಮೇಡಂಗೆ ಹೇಳಿದ್ರಾ?"

"ಮೂರು ಸಲ! ಬರ್ಕೊಡು ಅಂತಾರೆ. ಬರ್ಕೊಟ್ರೆ ಫಾರಂ ಬೇರೆ ಅಂತಾರೆ!"

ನೀರಿನ ಜಾಡು ಹಿಡಿಯಲು ಒಂಬತ್ತಕ್ಕೆ ಒಳಹರಿವಿನ ತೊಟ್ಟಿಗೆ ಹಸಿರು ಬಣ್ಣ ಸುರಿದೆ. ಮೂರು ದಿನದ ದಾರಿ.

ಹನ್ನೊಂದೇ ನಿಮಿಷಕ್ಕೆ ಆ ತುದಿಯಲ್ಲಿ ಹಸಿರು ಚಿಮ್ಮಿತು!

ಜಲ್ಲಿಯಡಿ ಯಾರೋ ಕಳ್ಳ ಪೈಪು ಹೂತಿದ್ದರು. ಪರೀಕ್ಷೆಯ ದಿನ ವಾಲ್ವ್ ತೆರೆದರೆ ಸಾಕು, ಕೊಳಚೆ ಬೇರನ್ನು ಮುಟ್ಟದೆ ನೇರ ಹೊರಗೆ. ಆದರೆ ಎಲ್ಲಿ?

ಜೊಂಡಮ್ಮ ಕುಡುಗೋಲು ಚಾಚಿ ತೋರಿಸಿದಳು. ಅಷ್ಟು ಹಸಿರಿನ ನಡುವೆ ಒಂದೇ ಒಂದು ಹಳದಿ ಗೆರೆ. ಪೈಪು ಹೂತವರು ಬೇರು ಕತ್ತರಿಸಿ, ಜೊಂಡನ್ನು ಮತ್ತೆ ಹಾಗೇ ಸಿಗಿಸಿ ಹೋಗಿದ್ದರು. ಅದು ಚಿಗುರಲಿಲ್ಲ.

ಆ ಗೆರೆ ಹಿಡಿದು ಒಳನುಗ್ಗಿದಾಗಲೇ ಎಡವಿ ಬಿದ್ದದ್ದು, ಮಧ್ಯಾಹ್ನಕ್ಕೂ ಕಾಯದೆ ಜೆಸಿಬಿ ಬಂದದ್ದು.

ಓಡಿದೆನಲ್ಲ... ಗೆರೆ ಮುಗಿಯುವಲ್ಲಿ ಕಬ್ಬಿಣದ ಮುಚ್ಚಳ ತೆರೆದಿತ್ತು. ಪಕ್ಕದಲ್ಲಿ ವಾಲ್ವ್ ತಿರುಗಿಸುವ ಉದ್ದನೆಯ ಕೀಲಿ ಹಿಡಿದ ಭಾವ.

"ಏನಪ್ಪಾ ಭಾಮೈದ, ವಾಕಿಂಗಾ?"

"ನೀವಾ ಭಾವ?"

"ಬರೋ ಮೆಷಿನ್ ಗುತ್ತಿಗೆ ನಂದು. ಹುಲ್ಲು ಬೆಳೆಸಿ ಯಾರು ಉದ್ಧಾರ ಆಗಿದಾರೆ, ಹೇಳು?"

"ಕೀಲಿ ಕೊಡಿ."

"ನಿನ್ನ ಮಗಳನ್ನ ಸ್ಕೂಲಿಂದ ಕರ್ಕೊಂಡು ಬರೋದು ಯಾರು? ಜಡೆ ಹೆಣೆಯೋದು ಯಾರು?"

"...ಅಕ್ಕ."

"ಹಾಂ! ಯೋಚ್ನೆ ಮಾಡಿ ರಿಪೋರ್ಟ್ ಬರಿ."

ದಾಂಡಿಗನೊಬ್ಬ ಹಿಂದಿನಿಂದ ಕಾಲರ್ ಹಿಡಿದ. ತಿರುಗಿ ಹಣೆಯಿಂದ ಗುದ್ದಿದೆ. ಮೂಗು ಒಡೆಯಿತು. ಅವನದೇ. ಇನ್ನೊಬ್ಬ ಜಲ್ಲಿಯಲ್ಲಿ ಜಾರಿದ. ಭಾವನ ಕೈಯಿಂದ ಕೀಲಿ ಕಿತ್ತುಕೊಂಡು ಓಟ! ನನಗೆ ನಲವತ್ತೇಳು, ನನ್ನ ಮಂಡಿಗೆ ಎಪ್ಪತ್ತು.

ಹೊರಹರಿವಿನ ಬಳಿ ಪರೀಕ್ಷೆಯ ಮೇಡಂ ನಿಂತಿದ್ದರು. ಬಾಟಲಿಯಲ್ಲಿ ಹಸಿರು ನೀರು.

"ಮೇಡಂ, ಜೊಂಡು ಫೇಲ್ ಆಗಿಲ್ಲ! ಅದರೊಳಗೆ ನೀರೇ ಹೋಗಿಲ್ಲ! ಪೈಪು ಹೂತಿದಾರೆ!"

"ಯಾರು?"

"ಗೊತ್ತಿಲ್ಲ ಅಂತ ಬರೀಲಾ?"

"ಬರೀರಿ. ಆದ್ರೆ ಹೆಸರಿಲ್ದೆ ನಾನು ಕೆಲಸ ನಿಲ್ಸೋಕಾಗಲ್ಲ. ರೂಲ್ಸು."

ರೂಲ್ಸು! ಪೈಪು ಹೂಳುವಾಗ ಎಲ್ಲಿ ಮಲಗಿತ್ತೋ ಈ ರೂಲ್ಸು!

ಆ ಕಡೆ ಜೆಸಿಬಿ ಮತ್ತೆ ಗುಡುಗಿತು. ಅದರ ಮುಂದೆ ಕುಡುಗೋಲು ಹಿಡಿದು ಜೊಂಡಮ್ಮ.

"ಹತ್ಸೋ ನನ್ನ ಮೇಲೆ! ಹತ್ಸೋ ನೋಡೋಣ!"

ಅದು ನಿಲ್ಲಲಿಲ್ಲ. ಅಡಿ ಅಡಿಯಾಗಿ ಮುಂದಕ್ಕೆ...

ಪೆನ್ನು ತೆಗೆದೆ. ರಿಪೋರ್ಟಿನಲ್ಲಿ ಭಾವನ ಹೆಸರು ಬರೆದೆ. ಇನಿಷಿಯಲ್ ಸಮೇತ.

ಮೇಡಂ ಕೈಯೆತ್ತಿದರು. ಎಂಜಿನ್ ಆರಿತು. ಜೊಂಡಮ್ಮ ಇದ್ದಲ್ಲೇ ಜಲ್ಲಿಯ ಮೇಲೆ ಕುಸಿದು ಕೂತಳು.

ಐದೇ ನಿಮಿಷಕ್ಕೆ ಅಕ್ಕನ ಫೋನು.

"ಬರೆದ್ಯಾ?"

"ಬರೆದೆ ಅಕ್ಕ."

ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. "ಅವಳ ಬಟ್ಟೆ, ರಿಬ್ಬನ್ನು ಎಲ್ಲಾ ಕಳಿಸ್ತೀನಿ," ಎಂದಳು. ಫೋನ್ ಇಟ್ಟಳು.

ನಾಲ್ಕಕ್ಕೆ ಶಾಲೆಯ ಗೇಟಿನ ಮುಂದೆ ನಾನೇ ನಿಂತೆ. ಬೂಟಿನ ತುಂಬ ಕೆಸರು. ಮಗಳು ಮೂಗು ಮುಚ್ಚಿಕೊಂಡಳು.

"ಅತ್ತೆ ಎಲ್ಲಪ್ಪಾ?"

"ಇನ್ಮೇಲೆ ನಾನೇ ಬರ್ತೀನಿ."

"ಸ್ನಾನ ಮಾಡ್ಕೊಂಡು ಬಾ, ಹಾಗಾದ್ರೆ."

ಅಕ್ಕನಿಗೆ ಕೊಟ್ಟ ಮಾತು ಮುರಿದೆ. ಜಡೆ ಹೆಣೆಯುವುದು ನನಗೆ ಬರುವುದಿಲ್ಲ.