ಐದು ಸೆಂಟಿಮೀಟರಿನ ಚೌಕ

"ಉಸಿರು ಬಿಗಿ ಹಿಡಿದ್ರೂ ಆಗ್ತಿಲ್ಲ ಅಕ್ಕ," ಎಂದರು ನರ್ಸ್ ಆಂಟಿ, ಕನ್ನಡಿ ಮುಂದೆ ನಿಂತು.

ಅರ್ಧ ಹೊಲಿದ ನೀಲಿ ಕೋಟನ್ನು ಅಮ್ಮ ಎರಡೂ ಕಡೆಯಿಂದ ಎಳೆದು ಹಿಡಿದಿದ್ದಳು. ಆದರೂ ಎದೆಯ ಹತ್ತಿರ ಮೂರು ಬೆರಳಿನಷ್ಟು ಸಂದು. ತೋಳು ಮಣಿಕಟ್ಟು ಮುಟ್ಟದೆ ಮೇಲೇ ನಿಂತುಬಿಟ್ಟಿತ್ತು.

"ಒಂದು ವಾರದಲ್ಲಿ ಅಷ್ಟು ದಪ್ಪ ಆಗ್ಬಿಟ್ನಾ ನಾನು?" ನರ್ಸ್ ಆಂಟಿ ನಗಲು ನೋಡಿದರು. ಅಮ್ಮ ನಗಲಿಲ್ಲ. ಕುತ್ತಿಗೆಯಲ್ಲಿದ್ದ ಟೇಪು ತೆಗೆದು ಅವರ ಅಳತೆಯನ್ನು ಮತ್ತೆ ತೆಗೆದುಕೊಂಡಳು. ಪುಸ್ತಕದಲ್ಲಿ ಬರೆದದ್ದಕ್ಕೂ ಅದಕ್ಕೂ ಒಂದು ಕೂದಲೆಳೆಯ ವ್ಯತ್ಯಾಸವೂ ಇರಲಿಲ್ಲ. ಆಮೇಲೆ ಕೋಟನ್ನು ಮೇಜಿನ ಮೇಲೆ ಹಾಸಿ ಅಳೆದಳು.

"ಎಲ್ಲಾ ಕಡೆನೂ ಕಮ್ಮಿ ಇದೆ," ಎಂದಳು. ಅವಳ ದನಿ ಇಳಿದುಹೋಗಿತ್ತು. "ಹೊಲಿಗೆ ಬಿಚ್ಚಿದ್ರೂ ಸಾಲಲ್ಲ. ಹೇಗಾಯ್ತು ಇದು? ನನ್ನ ಕಣ್ಣೇ ಸರಿ ಇಲ್ವೇನೋ."

ಬಾಗಿಲ ಬಳಿ ಕೂತು ಹೋಮ್‌ವರ್ಕ್ ಮಾಡುತ್ತಿದ್ದ ಮಗಳು ಚೂಟಿ ತಟ್ಟನೆ ತಲೆ ಎತ್ತಿದಳು.

ಚೂಟಿ ಅನ್ನುವುದು ಅವಳಿಗೆ ಸುಮ್ಮನೆ ಬಂದ ಹೆಸರಲ್ಲ. ಎಲ್ಲದರಲ್ಲೂ ಮುಂದು, ಎಲ್ಲದಕ್ಕೂ ಆತುರ. ಅಮ್ಮ ಬಟ್ಟೆ ಕತ್ತರಿಸುವ ಮೊದಲು ಕಂಪ್ಯೂಟರಿನಲ್ಲಿ ಅದರ ನಕ್ಷೆ ಬರೆಯುತ್ತಾಳೆ. ಹಾಳೆ ಹಾಳೆಯಾಗಿ ಅದನ್ನು ಪ್ರಿಂಟ್ ತೆಗೆಯುವುದು ಚೂಟಿಯ ಕೆಲಸ. ಆ ಹಾಳೆಗಳನ್ನು ಅಂಟಿಸಿ, ಬಟ್ಟೆಯ ಮೇಲಿಟ್ಟು, ಗೆರೆಗೆ ಸರಿಯಾಗಿ ಅಮ್ಮ ಕತ್ತರಿಸುತ್ತಾಳೆ. ಮೊದಲ ಹಾಳೆಯ ಮೂಲೆಯಲ್ಲಿ ಒಂದು ಪುಟ್ಟ ಚೌಕ ಇರುತ್ತದೆ. ಸ್ಕೇಲ್ ಇಟ್ಟರೆ ಅದು ಸರಿಯಾಗಿ ಐದು ಸೆಂಟಿಮೀಟರ್ ಬರಬೇಕು. ಬಂದರೆ ಇಡೀ ನಕ್ಷೆ ಸರಿಯಾದ ಅಳತೆಯಲ್ಲಿದೆ ಅಂತ ಅರ್ಥ; ಆಗ ಪಕ್ಕದಲ್ಲಿ ಪೆನ್ಸಿಲ್‌ನಿಂದ ರೈಟ್ ಹಾಕಬೇಕು. ಆ ರೈಟ್ ನೋಡದೆ ಅಮ್ಮ ಕತ್ತರಿ ಮುಟ್ಟುವುದಿಲ್ಲ.

ಹೋದ ಸೋಮವಾರ ಕಂಪ್ಯೂಟರ್ ತಾನೇ ಅಪ್‌ಡೇಟ್ ಆಗುತ್ತಾ ಅರ್ಧ ಗಂಟೆ ತಿಂದಿತ್ತು. ಕೆಳಗೆ ಗೆಳತಿಯರು ಕೂಗುತ್ತಿದ್ದರು. ಪ್ರಿಂಟ್ ಬಂದಿದ್ದೇ ತಡ, ಚೂಟಿ ರೈಟ್ ಹಾಕಿ ಓಡಿದ್ದಳು. ಸ್ಕೇಲ್ ಬ್ಯಾಗಿನಲ್ಲೇ ಇತ್ತು. ಯಾವತ್ತೂ ಐದೇ ಬರುತ್ತಿತ್ತಲ್ಲ.

ಗೋಡೆಯ ಮೊಳೆಗೆ ನೇತುಹಾಕಿದ್ದ ನಕ್ಷೆಯನ್ನು ಅವಳು ಇಳಿಸಿಕೊಂಡಳು. ಸ್ಕೇಲ್ ಇಟ್ಟಳು. ನಾಲ್ಕು ಪಾಯಿಂಟ್ ಏಳು. ತಿರುಗಿಸಿ ಇಟ್ಟರೂ ಅಷ್ಟೇ. ಪಕ್ಕದಲ್ಲಿ ಅವಳದೇ ರೈಟ್, ದಪ್ಪಗೆ, ಚೆಂದವಾಗಿ.

ಹೇಳದೆ ಇದ್ದರೆ ಯಾರಿಗೂ ಗೊತ್ತಾಗುವುದಿಲ್ಲ ಅಂತ ಒಂದು ಗಳಿಗೆ ಅನಿಸಿತು. ಆದರೆ ಅಮ್ಮ ಇನ್ನೂ ತನ್ನ ಕಣ್ಣನ್ನೇ ಬೈದುಕೊಳ್ಳುತ್ತಿದ್ದಳು.

"ಅಮ್ಮ, ಚೌಕ ಚಿಕ್ಕದಾಗಿದೆ."

ಅಮ್ಮ ಹಾಳೆ ನೋಡಿದಳು. ರೈಟ್ ನೋಡಿದಳು. "ಅಳತೆ ಮಾಡಿದ್ಯಾ ಅವತ್ತು?"

"ಇಲ್ಲ."

ಬೈದಿದ್ದರೆ ಅತ್ತು ಹಗುರ ಆಗಬಹುದಿತ್ತು. ಅಮ್ಮ ಬೈಯಲಿಲ್ಲ. ನರ್ಸ್ ಆಂಟಿಯ ಕಡೆ ತಿರುಗಿ, "ತಪ್ಪು ನಮ್ದೇ ಕಣಮ್ಮ. ಇಂಥದೇ ಬಟ್ಟೆ ಎಲ್ಲಿದ್ರೂ ಹುಡುಕಿ ತರ್ತೀನಿ," ಎಂದಳು.

"ಇಂಥದು ಸಿಗಬಹುದು ಅಕ್ಕ," ಎಂದರು ನರ್ಸ್ ಆಂಟಿ ಮೆತ್ತಗೆ. "ಇದು ನಮ್ಮಮ್ಮ ಆಸ್ಪತ್ರೆ ಸೇರೋ ಮುಂಚೆ ನಂಗೆ ಅಂತ ತಂದಿಟ್ಟಿದ್ದು. ಅವರು ಹೋದ್ಮೇಲೆ ಎರಡು ವರ್ಷ ಬಿಚ್ಚೋಕೇ ಮನಸ್ಸಾಗಿರ್ಲಿಲ್ಲ."

ಚೂಟಿ ಹತ್ತಿರ ಬಂದಳು. "ಬೇರೆ ಯಾರಿಗಾದ್ರೂ ಸರಿ ಹೋಗುತ್ತಲ್ವಾ ಆಂಟಿ? ಸಣ್ಣಗಿರೋರಿಗೆ?"

"ಹೋಗುತ್ತೇನೋ ಪುಟ್ಟ."

ಅವರು ಕೋಟನ್ನು ಮಡಿಸಿದರು. ಮೇಜಿನ ಕೆಳಗೆ ಬಿದ್ದಿದ್ದ ನೀಲಿ ಚೂರುಗಳನ್ನೂ ಬಗ್ಗಿ ಒಂದೊಂದಾಗಿ ಆರಿಸಿ ಚೀಲಕ್ಕೆ ಹಾಕಿಕೊಂಡರು. ಚೂಟಿ ಸಹಾಯಕ್ಕೆ ಬಗ್ಗಿದಳು. "ಇರಲಿ ಬಿಡು," ಎಂದರು. ಮೆಟ್ಟಿಲಿಳಿದು ಹೋಗುವಾಗ ಹಿಂತಿರುಗಿ ನೋಡಲಿಲ್ಲ.

ಅಮ್ಮ ಖಾಲಿ ಮೇಜನ್ನು ಒರೆಸಿದಳು. ಆಮೇಲೆ, "ಬೇಕರಿಯವರ ಏಪ್ರನ್ ನಾಳೆ ಕೊಡ್ಬೇಕು. ಪ್ರಿಂಟ್ ತೆಗಿ," ಎಂದಳು.

ಚೂಟಿ ಪ್ರಿಂಟರ್ ಸೆಟ್ಟಿಂಗ್ಸ್ ತೆರೆದಳು. 'ಆ್ಯಕ್ಚುವಲ್ ಸೈಜ್' ಪಕ್ಕದಲ್ಲಿರಬೇಕಾದ ಚುಕ್ಕಿ ಹಾಳೆಗೆ ತಕ್ಕಂತೆ ಕುಗ್ಗಿಸುವ 'ಫಿಟ್ ಟು ಪೇಜ್' ಪಕ್ಕ ಹೋಗಿ ಕೂತಿತ್ತು. ಎ-ಫೋರ್ ಹಾಳೆ ಇದ್ದ ಕಡೆ ಬೇರೆ ಯಾವುದೋ ಅಳತೆ. ಅಪ್‌ಡೇಟ್ ಎಲ್ಲವನ್ನೂ ತನ್ನಿಷ್ಟಕ್ಕೆ ಬದಲಿಸಿಬಿಟ್ಟಿತ್ತು. ಎರಡನ್ನೂ ಸರಿ ಮಾಡಲು ಒಂದು ನಿಮಿಷ ಕೂಡ ಹಿಡಿಯಲಿಲ್ಲ.

ಹಾಳೆ ಬಂತು. ಉದ್ದ ಅಳೆದಳು, ಅಗಲ ಅಳೆದಳು, ಮತ್ತೆ ಉದ್ದ ಅಳೆದಳು. ರೈಟ್ ಹಾಕಿ ಅಮ್ಮನ ಮುಂದೆ ಇಟ್ಟಳು.

"ಐದಿದೆ ಅಮ್ಮ. ಮೂರು ಸಲ ನೋಡ್ದೆ."

"ಹ್ಞೂಂ," ಎಂದಳು ಅಮ್ಮ. ಕತ್ತರಿ ಅಲ್ಲೇ ಕೈಗೆ ಸಿಗುವಂತಿತ್ತು. ಅವಳು ಅದನ್ನು ತೆಗೆದುಕೊಳ್ಳಲಿಲ್ಲ. ಕನ್ನಡಕ ಹಾಕಿಕೊಂಡು, "ಸ್ಕೇಲ್ ಕೊಡಿಲ್ಲಿ," ಎಂದಳು.

ಚೂಟಿ ಸ್ಕೇಲ್ ಕೊಟ್ಟು, ಬೆಳಕಿಗೆ ಅಡ್ಡವಾಗದಂತೆ ಪಕ್ಕಕ್ಕೆ ಸರಿದು ನಿಂತಳು.